ದೋಟಿ ಹಿಡಿದ ಮೇಲಿನ ಕುತ್ತಿಗೆ ನೋವು: ಎರಡನೇ ಬೋರ್ಡೋಗೆ ಮೊದಲು ಏನು ಮಾಡಬೇಕು

ನೀವು ಬರೆದದ್ದನ್ನು ಪೂರ್ತಿ ಓದಿದೆ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣದ ದ್ರಾವಣದ, ಅಂದರೆ ಬೋರ್ಡೋದ, ಮೊದಲ ಸಿಂಪರಣೆ ಮುಗಿದು ವಾರವಾಗಿದೆ, ಈ ಬಾರಿ ನೆಲದಲ್ಲೇ ನಿಂತು ಗೊನೆಗೆ ಎಟುಕಿಸುವ ಉದ್ದ ಕೋಲಿನಲ್ಲಿ, ಕಾರ್ಬನ್ ಫೈಬರ್ ದೋಟಿಯಲ್ಲಿ, ನೀವೇ ಹೊಡೆದಿದ್ದೀರಿ. ಎರಡನೆಯ ದಿನದಿಂದ ಕುತ್ತಿಗೆಯ ಹಿಂಭಾಗ ಹಿಡಿದುಕೊಂಡಿದೆ, ಬಲ ಹೆಗಲ ರೆಕ್ಕೆ ಮೂಳೆಯ ಒಳಅಂಚಿನಲ್ಲಿ ನೋವಿದೆ, ಕೈಗೆ ಜೋಮು ಇಲ್ಲ. ಮೊಬೈಲಿನಲ್ಲಿ ನೋಡಿದ ವ್ಯಾಯಾಮ ಮಾಡುತ್ತಿದ್ದೀರಿ, ಗುಣ ಕಾಣುತ್ತಿಲ್ಲ. ನಾನು ಫಿಸಿಯೋಥೆರಪಿಸ್ಟ್, ಮನೆಯಲ್ಲಿ ಅಡಿಕೆ ತೋಟವೂ ಇದೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಎಚ್ಚರಿಕೆ. ಕೈಯಲ್ಲಿ ಬಲ ಕಡಿಮೆಯಾಗುವುದು, ಅಂಗಿಯ ಗುಂಡಿ ಹಾಕಲು ತಡವರಿಸುವುದು, ನಡೆಯುವಾಗ ಕಾಲು ತೂರಾಡುವುದು, ಮಲಮೂತ್ರದ ಹಿಡಿತ ತಪ್ಪುವುದು, ಜ್ವರದೊಂದಿಗೆ ಕುತ್ತಿಗೆ ಬಿಗಿಯಾಗುವುದು, ಮರದಿಂದಲೋ ಬೈಕಿನಿಂದಲೋ ಬಿದ್ದ ಮೇಲೆ ನೋವು ಶುರುವಾಗಿರುವುದು: ಇವುಗಳಲ್ಲಿ ಒಂದಿದ್ದರೂ ವ್ಯಾಯಾಮ ಬೇಡ, ತಡಮಾಡದೆ ವೈದ್ಯರ ಬಳಿ ಹೋಗಿ. ಎದೆ ಬಿಗಿತ, ಬೆವರಿನೊಂದಿಗೆ ಕುತ್ತಿಗೆ, ದವಡೆ ಅಥವಾ ತೋಳಿಗೆ ನೋವು ಹರಡಿದರೆ ಅದನ್ನು ಹೃದಯದ ತೊಂದರೆಯೆಂದೇ ಭಾವಿಸಿ ಹೊರಡಿ. ನೀವು ವಿವರಿಸಿದ್ದರಲ್ಲಿ ಇದ್ಯಾವುದೂ ಇಲ್ಲ.

ನೀವು ನೋಡಿದ ವಿಡಿಯೋಗಳು ಬಹುಪಾಲು ಕಂಪ್ಯೂಟರ್ ಮುಂದೆ ತಲೆ ಬಗ್ಗಿಸಿ ಕೂರುವವರಿಗಾಗಿ ಮಾಡಿದವು. ನಿಮ್ಮ ತೊಂದರೆ ಅದರ ತದ್ವಿರುದ್ಧ. ಸುಮಾರು 5 ಕಿಲೋ ತೂಕದ ತಲೆಯನ್ನು ಹಿಂದಕ್ಕೆ ಚೆಲ್ಲಿ ಗಂಟೆಗಟ್ಟಲೆ ಗೊನೆ ನೋಡುತ್ತೀರಿ. ಆಗ ಕುತ್ತಿಗೆಯ ಏಳು ಮೂಳೆಗಳ ಹಿಂಬದಿಯ ಸಣ್ಣ ಕೀಲುಗಳು ಒಂದರ ಮೇಲೊಂದು ಒತ್ತಿಕೊಳ್ಳುತ್ತವೆ, ಹಿಂಭಾಗದ ಸ್ನಾಯುಗಳು ಕುಗ್ಗಿದ ಸ್ಥಿತಿಯಲ್ಲೇ ದುಡಿಯುತ್ತವೆ. ತಲೆಯನ್ನು ಹತೋಟಿಯಲ್ಲಿ ಹಿಂದಕ್ಕೆ ಬಿಡಬೇಕಾದ ಕುತ್ತಿಗೆಯ ಮುಂಭಾಗದ ಆಳದ ಸ್ನಾಯುಗಳು ಬೇಗ ದಣಿಯುತ್ತವೆ. ಅದೇ ಹೊತ್ತಿಗೆ ಎರಡೂ ತೋಳು ಮೇಲೆತ್ತಿ ದೋಟಿ ಹಿಡಿದಿರುತ್ತೀರಿ. ರೆಕ್ಕೆ ಮೂಳೆಯನ್ನು ಹಿಡಿದಿಡುವ ಕೆಳಭಾಗದ ಸ್ನಾಯುಗಳು ಸೋತರೆ ಕಿವಿಯ ಕೆಳಗಿನ ಸ್ನಾಯುಗಳೇ ಆ ಭಾರವನ್ನೂ ಹೊರುತ್ತವೆ. ನಿಮ್ಮ ನೋವಿನ ಜಾಗ ಅದನ್ನೇ ಹೇಳುತ್ತಿದೆ. ಬರೀ ಸ್ನಾಯು ಹಿಗ್ಗಿಸುವ ವ್ಯಾಯಾಮ ಇಲ್ಲಿ ಸಾಲದು, ಬಲ ಬರಬೇಕು.

ಸಮಯ ಇದೆ, ಆದರೆ ಹೆಚ್ಚಿಲ್ಲ. ಕೊಳೆ ರೋಗಕ್ಕೆ ಎರಡನೇ ಸಿಂಪರಣೆ 40–45 ದಿನಕ್ಕೆ ಬರುತ್ತದೆ. ಈ ಸ್ನಾಯುಗಳು ಕೆಲಸಕ್ಕೆ ಅಣಿಯಾಗಲು ಆರು ವಾರ ಬೇಕು ಎನ್ನುವುದು ನಮ್ಮ ಕ್ಷೇತ್ರದ ಸಾಮಾನ್ಯ ಲೆಕ್ಕ. ಒಂದು ವಾರ ಆಗಲೇ ಕಳೆದಿದೆ, ಉಳಿದದ್ದು ಸುಮಾರು ಐದು ವಾರ, ಇಂದೇ ಶುರು ಮಾಡಿ.

ಎಲ್ಲಕ್ಕಿಂತ ಮುಖ್ಯವಾದುದು ತಲೆದೂಗುವ ವ್ಯಾಯಾಮ. ಮೊಣಕಾಲು ಮಡಚಿ ಅಂಗಾತ ಮಲಗಿ. ಮುಖ ಸೂರಿಗೆ ಸಮವಾಗುವಷ್ಟು ಮಡಿಸಿದ ಟವೆಲ್ ತಲೆಯ ಕೆಳಗಿರಲಿ. ತಲೆ ಎತ್ತದೆ, ‘ಹೌದು’ ಎಂದು ಮೆಲ್ಲಗೆ ಒಪ್ಪುವಷ್ಟೇ ಗಲ್ಲವನ್ನು ಬಾಗಿಸಿ ಹತ್ತು ಸೆಕೆಂಡು ನಿಲ್ಲಿಸಿ. ಉಸಿರು ಕಟ್ಟಬಾರದು. ಎರಡು ಬೆರಳನ್ನು ಕುತ್ತಿಗೆಯ ಮುಂಬದಿಯ ಪಕ್ಕಕ್ಕೆ ಇಟ್ಟು ನೋಡಿ: ಅಲ್ಲಿಯ ದಪ್ಪ ಸ್ನಾಯು ಹಗ್ಗದಂತೆ ಬಿಗಿದರೆ ನೀವು ಜೋರು ಮಾಡುತ್ತಿದ್ದೀರಿ, ಕಡಿಮೆ ಮಾಡಿ. ಹತ್ತು ಬಾರಿ, ಬೆಳಿಗ್ಗೆ ಮತ್ತು ರಾತ್ರಿ. ಹತ್ತು ಸೆಕೆಂಡು ಆಗದಿದ್ದರೆ ಐದರಿಂದ ಶುರು ಮಾಡಿ. ಇದು ಏನೂ ಮಾಡದಂತೆ ಕಾಣುವುದರಿಂದ ಜನ ನಾಲ್ಕೇ ದಿನಕ್ಕೆ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ಮೂರನೆಯ ವಾರದಿಂದ, ನೋವು ಇಳಿದಿದ್ದರೆ ಮಾತ್ರ, ಮೇಲೆ ನೋಡುವುದನ್ನೇ ಅಭ್ಯಾಸ ಮಾಡಿ. ನೇರವಾಗಿ ಕೂತು ಮೊದಲು ಕಣ್ಣು, ಆಮೇಲೆ ತಲೆ ನಿಧಾನವಾಗಿ ಹಿಂದಕ್ಕೆ ಹೋಗಲಿ. ಮರಳುವಾಗ ಗಲ್ಲವನ್ನು ಮೊದಲು ಒಳಕ್ಕೆ ಬಾಗಿಸಿ ತಲೆಯನ್ನು ತನ್ನಿ. ಗಲ್ಲ ಮುಂದಕ್ಕೆ ಚಾಚಿಕೊಂಡು ಬಂದರೆ ಆಳದ ಸ್ನಾಯು ಕೆಲಸ ಮಾಡುತ್ತಿಲ್ಲ ಎಂದರ್ಥ. ಎಂಟು ಹತ್ತು ಬಾರಿ ಸಾಕು. ತಲೆ ಸುತ್ತಿದರೆ ನಿಲ್ಲಿಸಿ, ವೈದ್ಯರಿಗೆ ತಿಳಿಸಿ.

ರೆಕ್ಕೆ ಮೂಳೆಗೆ ಹಳೆಯ ಸೈಕಲ್ ಟ್ಯೂಬ್ ಸಾಕು, ಹಣ ಕೊಟ್ಟು ಬ್ಯಾಂಡ್ ತರುವ ಅಗತ್ಯವಿಲ್ಲ. ಎದೆಯ ಎತ್ತರಕ್ಕೆ ಕಂಬಕ್ಕೆ ಸುತ್ತಿ, ಎರಡು ತುದಿ ಹಿಡಿದು ಮೊಣಕೈಯನ್ನು ಪಕ್ಕೆಗೆ ತಾಗಿಸುತ್ತಾ ಹಿಂದಕ್ಕೆ ಎಳೆಯಿರಿ. ರೆಕ್ಕೆ ಮೂಳೆ ಹಿಂದಕ್ಕೂ ಕೆಳಕ್ಕೂ ಸರಿಯಬೇಕು, ಹೆಗಲು ಕಿವಿಯ ಕಡೆ ಏರಬಾರದು. ಹನ್ನೆರಡು ಬಾರಿಯ ಮೂರು ಸುತ್ತು, ದಿನ ಬಿಟ್ಟು ದಿನ. ಅದೇ ದಿನ ಗೋಡೆಗೆ ಕೈಯೂರಿ ದಂಡ ಹೊಡೆಯಿರಿ. ಕೈ ನೇರವಾದ ಮೇಲೆ ಇನ್ನೊಂದಿಷ್ಟು ಗೋಡೆಯನ್ನು ತಳ್ಳಿ. ತೋಳು ಎತ್ತಿ ಹಿಡಿಯಲು ಬೇಕಾದ ಪಕ್ಕೆಯ ಸ್ನಾಯು ಆ ಕೊನೆಯ ತಳ್ಳುವಿಕೆಯಲ್ಲೇ ದುಡಿಯುತ್ತದೆ.

ಬೆನ್ನಿನ ಮೇಲ್ಭಾಗ ಬಿಗಿಯಾಗಿದ್ದರೆ ಮೇಲೆ ನೋಡುವ ಕೆಲಸವೆಲ್ಲ ಕುತ್ತಿಗೆಯ ಮೇಲೆ ಬೀಳುತ್ತದೆ. ದಪ್ಪ ಟವೆಲನ್ನು ಸುರುಳಿ ಸುತ್ತಿ ರೆಕ್ಕೆ ಮೂಳೆಗಳ ಮಟ್ಟದಲ್ಲಿ ಅಡ್ಡಲಾಗಿ ಇಟ್ಟು ಮಲಗಿ, ಕೈಗಳಿಂದ ತಲೆಗೆ ಆಧಾರ ಕೊಟ್ಟು ಅದರ ಮೇಲೆ ಮೆಲ್ಲಗೆ ಹಿಂದಕ್ಕೆ ಬಾಗಿ. ಬಾಗಿಲ ಚೌಕಟ್ಟಿಗೆ ಮುಂಗೈ ಊರಿ ಎದೆಯ ಸ್ನಾಯುವನ್ನು ಅರ್ಧ ನಿಮಿಷ ಎಳೆಯುವುದೂ ಒಳ್ಳೆಯದು.

ಕುತ್ತಿಗೆಯನ್ನು ಪೂರ್ತಿ ವೃತ್ತ ತಿರುಗಿಸುವುದನ್ನು ಇಂದೇ ನಿಲ್ಲಿಸಿ. ನೊಂದ ಹಿಂಬದಿ ಕೀಲುಗಳನ್ನೇ ಅದು ಪ್ರತಿ ಸುತ್ತಿನಲ್ಲೂ ಒತ್ತುತ್ತದೆ. ಎಡಕ್ಕೆ, ಬಲಕ್ಕೆ ನಿಧಾನವಾಗಿ ತಿರುಗಿಸುವುದು ಸಾಕು. ಕ್ಷೌರದ ಅಂಗಡಿಯಲ್ಲಿ ಲಟಕ್ಕೆನಿಸಿಕೊಳ್ಳುವುದಂತೂ ಬೇಡವೇ ಬೇಡ. ಮಿದುಳಿಗೆ ರಕ್ತ ಒಯ್ಯುವ ನಾಳಗಳಲ್ಲಿ ಎರಡು ಕುತ್ತಿಗೆಯ ಮೂಳೆಗಳಲ್ಲಿರುವ ರಂಧ್ರಗಳ ಮೂಲಕವೇ ಹಾದುಹೋಗುತ್ತವೆ. ಹಠಾತ್ ತಿರುವಿನಲ್ಲಿ ಅವು ಸೀಳಿ ಪಾರ್ಶ್ವವಾಯು ಆಗುವುದು ಅಪರೂಪವಾದರೂ ನಿಜ. ಕುತ್ತಿಗೆಗೆ ಬೆಲ್ಟ್ ಕಟ್ಟಿಕೊಂಡೇ ಇದ್ದರೆ ಇರುವ ಬಲವೂ ಹೋಗುತ್ತದೆ. ಎಕ್ಸ್‌ರೇಯಲ್ಲಿ ಸವೆತ ಇದೆ ಎಂದರೆ ಹೆದರಬೇಡಿ, ನಡುವಯಸ್ಸು ದಾಟಿದ, ನೋವೇ ಇಲ್ಲದ ಅನೇಕರಲ್ಲಿಯೂ ಅದು ಕಾಣುತ್ತದೆ.

ಇನ್ನು ತೋಟದೊಳಗಿನ ಮಾತು. ಮರದ ಬುಡಕ್ಕೆ ಅಂಟಿ ನಿಲ್ಲಬೇಡಿ. ಎರಡು ಹೆಜ್ಜೆ ಹಿಂದೆ ಸರಿದರೂ ಕುತ್ತಿಗೆ ಬಾಗುವ ಕೋನ ಕಡಿಮೆಯಾಗುತ್ತದೆ. ಒಂದು ಕಾಲು ಮುಂದಿಟ್ಟು ಸೊಂಟ, ಬೆನ್ನು ಕೂಡ ಹಿಂದಕ್ಕೆ ಬಾಗಲಿ. ಪೈಪು ಹಿಡಿಯುವವರೂ ದೋಟಿ ಹಿಡಿಯುವವರೂ ಅರ್ಧ ಗಂಟೆಗೊಮ್ಮೆ ಕೆಲಸ ಬದಲಿಸಿಕೊಳ್ಳಿ, ಅಷ್ಟರಿಂದಲೇ ಅರ್ಧ ನೋವು ತಪ್ಪುತ್ತದೆ ಎನ್ನುವುದು ನನ್ನ ಅನುಭವ. ಕೊಯ್ಲಿಗೆ ಇನ್ನೊಂದು ಉಪಾಯವಿದೆ. ಬಂಡೆ ಹತ್ತುವವರಿಗೆ ಕೆಳಗಿನಿಂದ ಹಗ್ಗ ಹಿಡಿಯುವವರು ಪ್ರಿಸಂ ಇರುವ ಬಿಲೇ ಕನ್ನಡಕ ಹಾಕುತ್ತಾರೆ. ತಲೆ ನೇರ ಇಟ್ಟೇ ಮೇಲಿನದು ಕಾಣುತ್ತದೆ, ಆನ್‌ಲೈನಿನಲ್ಲಿ ಸಿಗುತ್ತದೆ. ಹಾಕಿಕೊಂಡು ನಡೆಯಬೇಡಿ, ಬಸಿಗಾಲುವೆ ಕಾಣುವುದಿಲ್ಲ. ಗೊನೆ ಕಳಚುವ ಕ್ಷಣದಲ್ಲಿ ಸರಿದು ನಿಲ್ಲುವ ಜಾಗವನ್ನು ಮೊದಲೇ ನೋಡಿಕೊಂಡಿರಿ. ಕುತ್ತಿಗೆಗೆ ಸಂಬಂಧವಿಲ್ಲದಿದ್ದರೂ ಹೇಳದೆ ಇರಲಾರೆ: ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ, ತಂತಿ ಹಾದುಹೋಗುವ ಸಾಲಿನಲ್ಲಿ ದೋಟಿ ಎತ್ತಲೇಬೇಡಿ.

ಮನೆಯವರು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವಾಗ ಅವರಿಗೂ ನೋವು ಬರುತ್ತದೆ ಎಂದಿದ್ದೀರಿ. ಅದು ತಲೆ ಬಗ್ಗಿಸಿದ ನೋವು. ಅವರಿಗೆ ತಲೆದೂಗುವುದು, ಟ್ಯೂಬ್ ಎಳೆಯುವುದು ಎರಡೂ ಹೊಂದುತ್ತವೆ. ಅಡಿಕೆ ಬುಟ್ಟಿಯನ್ನು ನೆಲದಿಂದ ಎತ್ತರಿಸಿ, ಬೆಳಕು ಎದುರಿನಿಂದ ಬರಲಿ, ಗಂಟೆಗೆರಡು ಬಾರಿ ಎದ್ದು ನಿಲ್ಲಲಿ.

ವ್ಯಾಯಾಮ ಮಾಡುವಾಗ ತುಸು ನೋವು ಬಂದು ರಾತ್ರಿಯೊಳಗೆ ಇಳಿದರೆ ಮುಂದುವರಿಸಿ. ಮರುದಿನ ಬೆಳಿಗ್ಗೆ ಹೆಚ್ಚಾಗಿದ್ದರೆ ಎಣಿಕೆಯನ್ನು ಅರ್ಧಕ್ಕೆ ಇಳಿಸಿ. ಮೂರು ವಾರವಾದರೂ ತಲೆ ತಿರುಗಿಸುವುದು ಸಲೀಸಾಗದಿದ್ದರೆ ಹತ್ತಿರದ ಫಿಸಿಯೋಥೆರಪಿಸ್ಟರಿಗೆ ನೇರವಾಗಿ ತೋರಿಸಿ, ಎರಡನೇ ಬೋರ್ಡೋಗೆ ದೋಟಿಯನ್ನು ಬೇರೆಯವರ ಕೈಗೆ ಕೊಡಿ.