ಹದಿನಾರು ತುಂಬಿದರೆ ಶಾಲೆ ಬಿಡಬಹುದಾ?

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗನಿಗೆ 16 ತುಂಬಿತು. ‘ಇನ್ನು ಶಾಲೆ ಬಿಟ್ಟರೂ ಯಾರೂ ಕೇಳಲ್ಲ’ ಅಂತಾನೆ. ನಿಜಾನಾ ಸಾರ್?

ಉತ್ತರ: ಯಾವ ರಾಜ್ಯ ಅಂತ ನೀವು ಬರೆದೇ ಇಲ್ಲವಲ್ಲ! ಅಲ್ಲಿ ಇದಕ್ಕೆ ಇಡೀ ದೇಶಕ್ಕೊಂದು ಕಾನೂನಿಲ್ಲ. ವಯಸ್ಸು ಗೊತ್ತು ಮಾಡುವುದು ಆಯಾ ರಾಜ್ಯವೇ, ಹಾಗಾಗಿ ಕೆಲವು ಕಡೆ 16ಕ್ಕೇ ಬಿಡಬಹುದು, ಕ್ಯಾಲಿಫೋರ್ನಿಯಾದಲ್ಲಾದರೆ 18ರವರೆಗೆ ಹೋಗಬೇಕು, ನಡುವೆ ಬಿಡಬೇಕೆಂದರೆ ಪರೀಕ್ಷೆ ಪಾಸಾಗಿ ಅಪ್ಪ ಅಮ್ಮನ ಒಪ್ಪಿಗೆಯೂ ಬೇಕು. ಹುಡುಗ ಅರ್ಧ ಮಾತ್ರ ಹೇಳಿದ್ದಾನೆ, ಅಲ್ವಾ?

ಮೊದಲು ಇಂಥ ಕಾನೂನು ಮಾಡಿದ್ದು ಮ್ಯಾಸಚೂಸೆಟ್ಸ್, 1852ರಲ್ಲಿ. ಆಗ 8ರಿಂದ 14 ವರ್ಷದ ಮಕ್ಕಳು ವರ್ಷಕ್ಕೆ ಬರೀ 12 ವಾರ ಹೋದರೆ ಸಾಕಿತ್ತು, ಅದರಲ್ಲಿ 6 ವಾರ ಒಂದೇ ಸಮನೆ. ಕೊನೆಗೆ ಬಂದದ್ದು ಮಿಸಿಸಿಪ್ಪಿ, 1918ರಲ್ಲಿ. ನಿಮ್ಮ ಹುಡುಗನಿಗೆ ಆ 12 ವಾರದ ಸುದ್ದಿ ಮಾತ್ರ ಹೇಳಬೇಡಿ.