ಕಪಾಟಿನ ಕೀಲಿ ಯಾರ ಹತ್ತಿರ ಇದೆ?

ಈ ತಿಂಗಳ ಅಂಚೆಯಲ್ಲಿ ಗ್ರಂಥಾಲಯದ ಪತ್ರಗಳೇ ಜಾಸ್ತಿ. ಕೆಲಸ ಮಾಡಿ ನಿವೃತ್ತಳಾಗಿದ್ದು ಸಾರ್ವಜನಿಕ ಗ್ರಂಥಾಲಯದಲ್ಲೇ ಅಂತ ಹಿಂದೊಮ್ಮೆ ಬರೆದಿದ್ದೆ, ಅದರ ಫಲ ಇದು. ಖುಷಿಯಿಂದಲೇ ಉತ್ತರಿಸುತ್ತೇನೆ.

ಪ್ರಶ್ನೆ: ಮೇಡಂ, ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದ, ಅಂದರೆ ಈಗಿನ ಹೆಸರಲ್ಲಿ ಅರಿವು ಕೇಂದ್ರದ ಮೇಲ್ವಿಚಾರಕಿ. ಮಕ್ಕಳ ದಿನಾಚರಣೆಗೆ ಬ್ಯಾನರ್ ಕಟ್ಟಿಸಿ ಓದುವ ಕಾರ್ಯಕ್ರಮ ಶುರು ಮಾಡಿದೆವು. ಮೊದಲ ದಿನ ಕೋಣೆ ತುಂಬಿತ್ತು. ಈಗ ಮೂರು ನಾಲ್ಕು ಮಕ್ಕಳು ಬರುತ್ತಾರೆ. ಅವರೂ ಬಂದ ಕೂಡಲೇ ಟ್ಯಾಬ್ ಕೇಳುತ್ತಾರೆ. ಏನು ಮಾಡಲಿ?
(ಕೊಪ್ಪಳ ಜಿಲ್ಲೆಯಿಂದ)

ಉತ್ತರ: ಬ್ಯಾನರ್ ನೋಡಲು ಬಂದ ಮಕ್ಕಳು ಬ್ಯಾನರ್ ಜೊತೆಗೇ ಹೋದರು, ಅಷ್ಟೇ. ಬೇಜಾರು ಬೇಡ. ಉಳಿದ ಮೂರು ನಾಲ್ಕು ಜನರಿಂದಲೇ ಶುರು ಮಾಡಿ.

ನಿಮ್ಮ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ನವೆಂಬರ್ 14ಕ್ಕೆ, ಮಕ್ಕಳನ್ನು ಓದಿಗೆ ಕರೆತರುವ 'ಓದುವ ಬೆಳಕು' ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಅಂದರು. ಒಳ್ಳೆಯ ಕೆಲಸ. ಆದರೆ ಸದಸ್ಯರಾದ ಮಕ್ಕಳೆಲ್ಲ ಓದುವ ಮಕ್ಕಳಲ್ಲ ಅಲ್ವಾ? ಕಾರ್ಡ್ ಕೊಡೋದು ಒಂದು ದಿನದ ಕೆಲಸ. ಓದಿಸೋದು ವಾರವಾರದ ಕೆಲಸ.

ವಾರಕ್ಕೊಂದು ದಿನ ಗೊತ್ತುಮಾಡಿ. ಸಂತೆಯ ದಿನ ಬೇಡ. ಶಾಲೆ ಬಿಟ್ಟ ಮೇಲೆ ಮಕ್ಕಳು ಮನೆಗೆ ಹೋಗಿ ಏನಾದರೂ ತಿಂದು ಬರುವಷ್ಟು ಹೊತ್ತು ಬಿಡಿ. ಇಬ್ಬರೇ ಬಂದರೂ ಓದಿ. ಯಾರೂ ಬರದಿದ್ದರೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ನೀವೇ ಜೋರಾಗಿ ಓದಿ. ನಗಬೇಡಿ, ನಾನು ಮಾಡಿದ್ದೇನೆ. ಮೊದಲು ಒಂದು ತಲೆ ಇಣುಕುತ್ತದೆ, ಆಮೇಲೆ ಅದರ ತಮ್ಮ ಬರುತ್ತಾನೆ.

ಇನ್ನು ಓದುವ ರೀತಿ. ಮಕ್ಕಳಿಗೆ ಹೀಗೆ ಜೋರಾಗಿ ಓದಿ ಹೇಳೋದಕ್ಕೆ ತರಬೇತಿಯಲ್ಲಿ ಗಟ್ಟಿ ಓದು ಅನ್ನುತ್ತಾರೆ. ಚಿತ್ರ ದೊಡ್ಡದಿರುವ, ಹದಿನಾರು ಪುಟದೊಳಗಿನ ಪುಸ್ತಕ ತಗೊಳ್ಳಿ. ಹಿಂದಿನ ರಾತ್ರಿ ಮನೆಯಲ್ಲಿ ಒಮ್ಮೆ ಬಾಯಿಬಿಟ್ಟು ಓದಿಕೊಳ್ಳಿ. ಎಲ್ಲಿ ನಿಲ್ಲಿಸಬೇಕು ಅನ್ನೋದು ಆಗಲೇ ತಿಳಿಯೋದು. ಮಕ್ಕಳೆದುರು ಪುಸ್ತಕವನ್ನು ಭುಜದ ಪಕ್ಕ ಹಿಡಿಯಿರಿ, ಚಿತ್ರ ಅವರ ಕಡೆಗಿರಲಿ. ಪುಟ ತಿರುವುವ ಮುಂಚೆ ತಡೆದು, ಈಗ ಏನಾಗುತ್ತೆ ಹೇಳಿ ನೋಡೋಣ ಅನ್ನಿ. ತಪ್ಪು ಉತ್ತರ ಬಂದರೆ ತಿದ್ದಬೇಡಿ, ಪುಟವೇ ತಿದ್ದುತ್ತದೆ. ಪುಸ್ತಕದ ಕನ್ನಡ ನಿಮ್ಮೂರ ಮಕ್ಕಳಿಗೆ ದೂರ ಅನಿಸಿದರೆ ಒಂದೆರಡು ಸಾಲು ನಿಮ್ಮ ಮಾತಿನಲ್ಲೇ ಹೇಳಿ. ಮುಗಿದ ಮೇಲೆ ಮಾತ್ರ ದಯವಿಟ್ಟು ಈ ಕತೆಯ ನೀತಿ ಏನು ಅಂತ ಕೇಳಬೇಡಿ. ಶಾಲೆಯಲ್ಲಿ ದಿನವಿಡೀ ಅದನ್ನೇ ಕೇಳಿಸಿಕೊಂಡು ಬಂದಿರುತ್ತವೆ ಪಾಪ. ಓದಿದ ಪುಸ್ತಕವನ್ನು ಅಲ್ಲೇ ಮೇಜಿನ ಮೇಲೆ ಬಿಡಿ. ಅವತ್ತು ಮನೆಗೆ ಹೋಗುವ ಮೊದಲ ಪುಸ್ತಕ ಅದೇ ಆಗಿರುತ್ತದೆ.

ಟ್ಯಾಬ್ ಕೇಳಿದರೆ ಸಿಟ್ಟಾಗಬೇಡಿ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ 'ಸ್ಟೋರಿವೀವರ್' ಜಾಲತಾಣದಲ್ಲಿ ಕನ್ನಡ ಕತೆಗಳು ಬೇಕಾದಷ್ಟಿವೆ, ಎಲ್ಲವೂ ಪುಕ್ಕಟೆ. ಓದುವ ಶಕ್ತಿ ನೋಡಿ ನಾಲ್ಕು ಹಂತ ಮಾಡಿದ್ದಾರೆ. ಆರನೇ ಕ್ಲಾಸಿನ ಹುಡುಗನೂ ಮೊದಲ ಹಂತದಿಂದ ಶುರು ಮಾಡಲಿ, ಅವಮಾನ ಅನ್ನೋ ಹಾಗೆ ಮಾತ್ರ ಮಾಡಬೇಡಿ. ಕತೆಗಳನ್ನು ಪ್ರಿಂಟ್ ಹಾಕಿಸಿ ಪಿನ್ ಹೊಡೆದು ಇಟ್ಟುಕೊಳ್ಳಲೂ ಅನುಮತಿ ಇದೆ. ಲೇಖಕರ, ಚಿತ್ರ ಬರೆದವರ ಹೆಸರಿರುವ ಪುಟ ಬಿಡದೆ ಸೇರಿಸಿದರಾಯಿತು.

ಪ್ರಶ್ನೆ: ಪುಸ್ತಕ ಮನೆಗೆ ಕೊಟ್ಟರೆ ವಾಪಸ್ ಬರಲ್ಲ. ಕಳೆದರೆ ನನ್ನ ಗೌರವಧನದಲ್ಲೇ ಹಿಡಿಯುತ್ತಾರೆ ಅಂತ ಹೆದರಿಸುತ್ತಾರೆ. ಅದಕ್ಕೆ ಕಪಾಟಿಗೆ ಬೀಗ ಹಾಕಿದ್ದೇನೆ. ತಪ್ಪಾ?
(ಮೇಲ್ವಿಚಾರಕರು, ಚಾಮರಾಜನಗರ ಜಿಲ್ಲೆ)

ಉತ್ತರ: ಬೀಗ ತಪ್ಪು, ಭಯ ತಪ್ಪಲ್ಲ. ನಮ್ಮ ಗ್ರಂಥಾಲಯಗಳಲ್ಲಿ ಓದು ಸೊರಗಿದ್ದಕ್ಕೆ ಮೊಬೈಲಿಗಿಂತ ದೊಡ್ಡ ಕಾರಣ ಈ ಭಯವೇ ಅನ್ನೋದು ನನ್ನ ಅಭಿಪ್ರಾಯ. ಒಂದು ಪುಸ್ತಕ ಕಾಣೆಯಾದರೆ ನೋಟಿಸು. ಸಾವಿರ ಪುಸ್ತಕ ಕಪಾಟಿನಲ್ಲೇ ಗೆದ್ದಲು ಹಿಡಿದರೆ ಯಾರೂ ಕೇಳಲ್ಲ. ನೌಕರ ಯಾವುದನ್ನು ಆರಿಸಿಕೊಳ್ಳುತ್ತಾನೆ ಹೇಳಿ.

ನಿಮ್ಮ ಕೈಗೊಂದು ಕಾಗದ ಕೊಡುತ್ತೇನೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೇ ನಿಯಮ ನೋಡಿ. ವರ್ಷದಲ್ಲಿ ಓದುಗರ ಕೈಗೆ ಹೋದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ನಷ್ಟ ಅನ್ನುತ್ತದೆ ಅದು. ಮೋಸ, ಅಲಕ್ಷ್ಯ ಇರಬಾರದು ಅಷ್ಟೇ. ಸಾವಿರ ರೂಪಾಯಿಗಿಂತ ಜಾಸ್ತಿ ಬೆಲೆಯದ್ದು, ಅಪರೂಪದ್ದು ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಇದು ಕೇಂದ್ರದ ಕಚೇರಿಗಳಿಗೆ ಮಾಡಿದ ನಿಯಮ, ನಿಮ್ಮ ಪಂಚಾಯಿತಿಗೆ ನೇರವಾಗಿ ಅನ್ವಯಿಸಲ್ಲ. ಆದರೂ ಪ್ರತಿ ತೆಗೆದು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ತೋರಿಸಿ. ಇದೇ ಅಳತೆ ಇಲ್ಲೂ ಇರಲಿ ಅಂತ ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿಸಲು ಕೇಳಿ. ಬಾಯಿಮಾತು ನಂಬಬೇಡಿ. ವಿತರಣಾ ರಿಜಿಸ್ಟರ್ ಮಾತ್ರ ಅಚ್ಚುಕಟ್ಟಾಗಿರಲಿ. ನಾಳೆ ನಿಮ್ಮನ್ನು ಕಾಪಾಡುವುದು ಅದೇ.

ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ಬುನಾದಿ ಹಾಕಿದ ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಬರೆದರು. ಮೊದಲನೆಯದೇ 'ಪುಸ್ತಕಗಳಿರುವುದು ಬಳಕೆಗೆ'. ಅದೇ ವರ್ಷ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯಲ್ಲಿ ಪುಸ್ತಕ ಹೇರಿಕೊಂಡು ಹಳ್ಳಿ ಸುತ್ತುವ ಗ್ರಂಥಾಲಯ ಹೊರಟಿತು. ಗಾಡಿಯಿಂದ ಪುಸ್ತಕ ಬೀಳಲಿಲ್ಲವೇ, ಕಳೆಯಲಿಲ್ಲವೇ? ಆದರೂ ಹೊರಟರು.

ಪ್ರಶ್ನೆ: ಅಮ್ಮಾ, ನಾನು ಪಿಯುಸಿ ಪಾಸಾಗಿ ಗ್ರಂಥಾಲಯ ನೋಡಿಕೊಳ್ಳುತ್ತಿದ್ದೇನೆ. ಕೆಲಸ ಬಿಡದೆ ಈ ವಿಷಯದಲ್ಲಿ ಮುಂದೆ ಕಲಿಯೋಕೆ ದಾರಿ ಇದೆಯಾ? ತರಬೇತಿಗೆ ಕರೆದಾಗ ಹೋಗಿದ್ದೇನೆ, ಪಿಪಿಟಿ ನೋಡಿ ಊಟ ಮಾಡಿ ಬಂದೆ.
(ವಿಜಯಪುರ ಜಿಲ್ಲೆ)

ಉತ್ತರ: ಕೊನೆಯ ವಾಕ್ಯ ಓದಿ ನಕ್ಕೆ ತಮ್ಮಾ. ಊಟವಾದರೂ ಚೆನ್ನಾಗಿತ್ತಾ?

ದಾರಿ ಇದೆ. ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋದಲ್ಲಿ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಸರ್ಟಿಫಿಕೇಟ್ ಕೋರ್ಸ್ ಇದೆ. ಕನಿಷ್ಠ ಅವಧಿ ಆರು ತಿಂಗಳು, ಪಿಯುಸಿ ಸಾಕು. ಅವರ ಪ್ರಾದೇಶಿಕ ಕೇಂದ್ರ ನಿಮ್ಮ ವಿಜಯಪುರದಲ್ಲೇ ಇದೆ, ಹೋಗಿ ವಿಚಾರಿಸಿ. ಪಾಠ ಕನ್ನಡದಲ್ಲಿಲ್ಲ, ಇಂಗ್ಲಿಷ್ ಕಷ್ಟವಾದರೆ ಜೊತೆಗೊಬ್ಬರನ್ನು ಸೇರಿಸಿಕೊಂಡು ಓದಿ. ಯಾವುದಾದರೂ ಪದವಿ ಮುಗಿಸಿದ ಮೇಲೆ ಗ್ರಂಥಾಲಯ ವಿಜ್ಞಾನದ ಪದವಿ ಬಿ.ಲಿಬ್., ಆಮೇಲೆ ಸ್ನಾತಕೋತ್ತರ ಪದವಿ ಎಂ.ಲಿಬ್. ಮಾಡಬಹುದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಅವೂ ದೂರಶಿಕ್ಷಣದಲ್ಲಿವೆ. ಮುಂದೆ ದೊಡ್ಡ ಗ್ರಂಥಾಲಯದ ಹುದ್ದೆ ನೋಡುವುದಾದರೆ ಬಿ.ಲಿಬ್. ಇಲ್ಲದೆ ಕಷ್ಟ.

ಇಲಾಖೆಯ ತರಬೇತಿ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯ ಮೂಲಕವೂ ನಡೆಯುತ್ತದೆ. ಸುಮ್ನೆ ಹೋಗಬೇಡಿ. ಮೂರು ಪ್ರಶ್ನೆ ಬರೆದುಕೊಂಡು ಹೋಗಿ. ಓದಲು ಬಾರದ ದೊಡ್ಡ ಮಕ್ಕಳಿಗೆ ಯಾವ ಪುಸ್ತಕ ಕೊಡಲಿ, ಹರಿದ ಪುಸ್ತಕ ಏನು ಮಾಡಲಿ, ಹೀಗೆ. ಮೇಲೆ ಬರೆದ ಗಟ್ಟಿ ಓದನ್ನು ಅಲ್ಲೇ ಒಮ್ಮೆ ಮಾಡಿ ತೋರಿಸಿ ಅಂತ ಹಟ ಹಿಡಿಯಿರಿ. ಮಾತಾಡಿ ಹೋಗುವ ಸಂಪನ್ಮೂಲ ವ್ಯಕ್ತಿಗೂ ಮಾಡಿ ತೋರಿಸುವವರಿಗೂ ಇರುವ ಅಂತರ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಲಾಭದ ತರಬೇತಿಗೆ ಆದೇಶ ಪತ್ರವೇ ಬೇಡ. ನಿಮ್ಮ ತಾಲ್ಲೂಕಿನಲ್ಲಿ ಚೆನ್ನಾಗಿ ನಡೆಯುವ ಒಂದು ಅರಿವು ಕೇಂದ್ರ ಇದ್ದೇ ಇರುತ್ತದೆ. ರಜೆ ಹಾಕಿ ಒಂದಿಡೀ ದಿನ ಅಲ್ಲಿ ಕೂತು ಬನ್ನಿ. ಪುಸ್ತಕ ಎಷ್ಟು ಎತ್ತರದಲ್ಲಿಟ್ಟಿದ್ದಾರೆ, ಮಗು ಒಳಗೆ ಬಂದ ಕೂಡಲೇ ಏನು ಮಾತಾಡಿಸುತ್ತಾರೆ, ಗದ್ದಲವಾದರೆ ಏನು ಮಾಡುತ್ತಾರೆ ನೋಡಿ. ಆಮೇಲೆ ಅವರನ್ನೂ ನಿಮ್ಮಲ್ಲಿಗೆ ಕರೆಯಿರಿ.

ಪ್ರಶ್ನೆ: ನಾನು ಪಂಚಾಯಿತಿ ಸದಸ್ಯೆ. ಗ್ರಂಥಾಲಯಕ್ಕೆ ದುಡ್ಡಿಲ್ಲ ಅನ್ನುತ್ತಾರೆ, ನಿಜವೇ? ಜನ ದಾನ ಕೊಟ್ಟ ಪುಸ್ತಕ ಮಾತ್ರ ಮೂಟೆಗಟ್ಟಲೆ ಇವೆ.
(ಹಾಸನ ಜಿಲ್ಲೆ)

ಉತ್ತರ: ಗ್ರಂಥಾಲಯ ಕರದ ಲೆಕ್ಕ ಕೇಳಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ನೂರಕ್ಕೆ 6 ರೂಪಾಯಿ ಇದಕ್ಕೆಂದೇ ವಸೂಲಾಗುತ್ತದೆ. ಎಷ್ಟು ಬಂತು, ಎಷ್ಟು ಖರ್ಚಾಯಿತು ಅಂತ ಮುಂದಿನ ಸಭೆಯಲ್ಲಿ ನೀವು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಕೋಲ್ಕತ್ತಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನವೂ 1972ರಿಂದ ಗ್ರಂಥಾಲಯಗಳಿಗೆ ನೆರವಾಗಲೆಂದೇ ಇದೆ. ಪುಸ್ತಕಕ್ಕೆ, ಕಟ್ಟಡಕ್ಕೆ, ಕಾರ್ಯಾಗಾರಕ್ಕೆ ಅವರ ಯೋಜನೆಗಳಿವೆ.

ದಾನದ ಮೂಟೆಯ ವಿಷಯದಲ್ಲಿ ನಿಷ್ಠುರವಾಗಿರಿ. ಹಳೆಯ ಗೈಡು, ಕಳೆದ ವರ್ಷದ ಡೈರಿ, ಸಿಲೆಬಸ್ ಬದಲಾದ ಪಠ್ಯಪುಸ್ತಕ ಬೇಡ ಅನ್ನಿ. ಇವತ್ತು ನಮ್ಮ ಮಗುವಿಗೆ ಇದನ್ನು ಕೊಡ್ತೀವಾ ಅಂತ ಕೇಳಿಕೊಂಡು ಒಂದೊಂದೇ ಪುಸ್ತಕ ಆರಿಸಿ.

ಪ್ರಶ್ನೆ: ನಾವು ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವವರು. ಗ್ರಂಥಾಲಯದಲ್ಲಿ ಕತೆ ಓದಿಸುತ್ತೇವೆ ಅಂತ ಮಕ್ಕಳ ಗಲಾಟೆ. ಇದು ನ್ಯಾಯವೇ?
(ದಾವಣಗೆರೆ)

ಉತ್ತರ: ನಿಮ್ಮ ಕಷ್ಟ ನಿಜ. ಒಂದೇ ಕೋಣೆ, ಎರಡು ಬಗೆಯ ಓದು. ವೇಳಾಪಟ್ಟಿ ಬರೆದು ಬಾಗಿಲಿಗೆ ಅಂಟಿಸಿ ಅಂತ ಮೇಲ್ವಿಚಾರಕರಿಗೆ ಹೇಳಿ. ಜಗಲಿ ಇದ್ದರೆ ಮಕ್ಕಳ ಓದು ಅಲ್ಲಿ ನಡೆಯಲಿ. ವಾರಕ್ಕೊಂದು ದಿನ ನಿಮ್ಮಲ್ಲೊಬ್ಬರು ಆ ಮಕ್ಕಳಿಗೆ ಒಂದು ಕತೆ ಓದಿ ಹೇಳಿದರೆ ಇನ್ನೂ ಒಳ್ಳೆಯದು, ಸಂದರ್ಶನಕ್ಕೆ ಬೇಕಾಗುವ ದನಿಯೂ ಪಳಗುತ್ತದೆ. ಇದ್ಯಾವುದೂ ಆಗಲ್ಲ ಅಂದರೆ ಆ ಒಂದು ಗಂಟೆ ಹೊರಗೆ ಹೋಗಿ ಚಹಾ ಕುಡಿದು ಬನ್ನಿ. ಮಕ್ಕಳನ್ನಂತೂ ಕಳಿಸಲು ಆಗಲ್ಲ.