ದಾವಣಗೆರೆ ಜಿಲ್ಲೆ ಚನ್ನಗಿರಿ ಹತ್ತಿರದ ಸೂಳೆಕೆರೆಗೆ ಮೊದಲ ಸಲ ಗಾಳ ಹಾಕಲು ಹೋಗುವವರು ಏನೇನು ತಯಾರಿ ಮಾಡಿಕೊಳ್ಳಬೇಕು?

ನಾಲ್ಕು ಜನ ಗೆಳೆಯರು, ಎರಡು ದಿನ, ಹೊಸ ರಾಡು-ರೀಲು ಅಂತ ಬರೆದಿದ್ದೀರಿ. ರಾಡಿಗಿಂತ ಮೊದಲು ಒಪ್ಪಿಗೆ. ದೊಡ್ಡ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಗೆ ಕೊಡುತ್ತದೆ. ಮರಿ ಬಿಡಲು ದುಡ್ಡು ಹಾಕಿದವರು ಇರುತ್ತಾರೆ, ಸುಮ್ನೆ ಹೋಗಿ ಕೂತರೆ ಜಗಳ ಗ್ಯಾರಂಟಿ. ಚನ್ನಗಿರಿಯಲ್ಲಿ ಇಲಾಖೆಯವರನ್ನು ವಿಚಾರಿಸಿ, ಗುತ್ತಿಗೆದಾರರ ಒಪ್ಪಿಗೆ ತಗೊಂಡೇ ಹೊರಡಿ.

ಹೋಗುವುದಾದರೆ ನವೆಂಬರ್ ಮೇಲೆ ಹೋಗಿ. ಮಳೆಗಾಲ ಕಾಟ್ಲಾ, ರೋಹು ಮೀನುಗಳು ಮೊಟ್ಟೆ ಇಡುವ ಕಾಲ.

ಆರು ಸಾವಿರ ಎಕರೆಗೂ ಜಾಸ್ತಿ ನೀರು ಕಂಡ ಕೂಡಲೇ ನಡುವಿಗೆ ಹೋಗೋಣ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಒಂದು ಬೆಳಗ್ಗೆ ಕೆರೆ ಕನ್ನಡಿ ಹಾಗಿತ್ತು, ಪರಿಚಯದವರ ತೆಪ್ಪದಲ್ಲಿ ಆಚೆ ದಡಕ್ಕೆ ಹೋದೆವು. ಹತ್ತೂವರೆಗೆ ಗಾಳಿ ಎದ್ದಿತು. ಹುಟ್ಟು ಹಾಕಿದಷ್ಟೂ ತೆಪ್ಪ ಗರಗರ ತಿರುಗುತ್ತದೆ, ಮುಂದೆ ಹೋಗುವುದಿಲ್ಲ. ಸಂಜೆವರೆಗೂ ಅಲ್ಲೇ ಕೂತಿದ್ದೆವು, ಊಟವೆಲ್ಲ ಈಚೆ ದಡದ ಕಾರಿನಲ್ಲಿ! ಲೈಫ್ ಜಾಕೆಟ್ ಇಲ್ಲದೆ ನೀರಿಗೆ ಇಳಿಯಲೇಬೇಡಿ.

ದಡದಲ್ಲೇ ಬೇಕಾದಷ್ಟು ಮೀನಿದೆ. ಗಾಳಿ ಯಾವ ದಡಕ್ಕೆ ಹೊಡೆಯುತ್ತಿದೆ ನೋಡಿ, ಅಲ್ಲಿ ಕೂರಿ. ಎದುರುಗಾಳಿಗೆ ಗಾಳ ಎಸೆಯುವುದು ಕಷ್ಟ, ನಿಜ. ಆದರೆ ನೀರಿನ ಮೇಲೆ ತೇಲುವ ತಿನಿಸೆಲ್ಲ ಆ ಕಡೆಗೇ ಬಂದು ಸೇರುತ್ತದೆ, ಹಿಂದೆಯೇ ಮೀನು. ಹರಿದ್ರಾವತಿ ಹಳ್ಳ ಬಂದು ಸೇರುವ ಕಡೆಯೂ ನೋಡಬಹುದು. ತೂಬಿನ ಹತ್ತಿರ ಬೇಡ, ಸೆಳೆತ ಇರುತ್ತದೆ, ಕಲ್ಲೂ ಜಾರುತ್ತದೆ.

ಎರೆಗೆ ಅಂಗಡಿ ಸಾಮಾನು ಬೇಕಿಲ್ಲ. ಶೇಂಗಾ ಹಿಂಡಿ ರಾತ್ರಿ ನೆನೆಸಿಡಿ. ಬೆಳಗ್ಗೆ ತವುಡು, ಚೂರು ಬೆಲ್ಲ, ಅಂಟಿಗೆ ಒಂದು ಹಿಡಿ ಮೈದಾ ಹಾಕಿ ನಾದಿ. ಒಂದು ಉಂಡೆಯನ್ನು ಬಕೆಟ್ ನೀರಿಗೆ ಬಿಟ್ಟು ನೋಡಿ. ತಕ್ಷಣ ಕರಗಿದರೆ ಗಾಳ ಬರಿದಾಗುತ್ತದೆ, ಕಲ್ಲಿನ ಹಾಗೆ ಕೂತರೆ ಮೀನು ಮೂಸುವುದಿಲ್ಲ. ಅಂಚಿನಿಂದ ಮೆಲ್ಲಗೆ ಪುಡಿ ಉದುರಬೇಕು, ಅದೇ ಹದ. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ದಾರಕ್ಕೆ ಕಟ್ಟಿ ತೇಲಿಬಿಡುವ ಬೆಂಡಿನ ಕೆಳಗೆ ದಾರ ಎಷ್ಟು ಬಿಡಬೇಕು ಅನ್ನುವುದು ಅದರ ಮೇಲೆ ಹೋಗುತ್ತದೆ.

ಕೊರವಕ್ಕೆ, ಅದೇ ಹಾವಿನ ತಲೆಯ ಮೀನಿಗೆ, ಹಿಂಡಿ ನಡೆಯುವುದಿಲ್ಲ. ಅದಕ್ಕೆ ಕಪ್ಪೆ, ಸಣ್ಣ ಮೀನೇ ಬೇಕು. ಜೊಂಡಿನ ಪಕ್ಕ ನೀರಿನ ಮೇಲೆ ಕೆಂಪಗೆ ಮರಿಗಳ ಗುಂಪು ಕುದಿಯುವ ಹಾಗೆ ಕಂಡರೆ ಕೆಳಗೆ ತಾಯಿ-ತಂದೆ ಕಾವಲಿರುತ್ತವೆ. ಏನು ಹಾಕಿದರೂ ಮೇಲೆ ಬಿದ್ದು ಕಚ್ಚುತ್ತವೆ. ಅವು ಹೋದರೆ ಮರಿಗಳಿಗೆ ಕಾವಲಿಲ್ಲ, ಅಲ್ಲಿ ಮಾತ್ರ ಗಾಳ ಹಾಕಬೇಡಿ.